ಸಾಗುವಾನಿಯ ಚಿಂತೆ ಬಿಡಿ, ಕಾಲು ಯಾವುದರ ಮೇಲೆ ಕೂರುತ್ತದೆ ಎಂದು ನೋಡಿ

ಮನೆಯ ಶೆಡ್ಡಿಗೆ ಒಂದು ಜೊತೆ ಮರದ ಕುದುರೆ, ಅಂದರೆ ಹಲಗೆಯನ್ನು ಮೇಲಿಟ್ಟು ಕೊಯ್ಯುವ ನಾಲ್ಕು ಕಾಲಿನ ಆಸರೆ, ಬೇಕು, ಸಾಗುವಾನಿ ತರಲೋ ಹಲಸು ಸಾಕೋ, ಮಡಚುವ ಹಾಗೆ ಮಾಡಲೋ ಎಂದು ಕೇಳಿದ್ದೀರಿ. ನಾನೂ ಸಾಗುವಾನಿಯೇ ಆಗಬೇಕೆಂದು ಮಂಗಳೂರಿನ ಮರದ ಡಿಪೋಗಳನ್ನು ಸುತ್ತಿದವನು. ಮರ ಚಿನ್ನದಂಥದ್ದೇ ಸಿಕ್ಕಿತು. ಕುದುರೆ ಮಾತ್ರ ಮೊದಲ ಮಳೆಗಾಲ ದಾಟಲಿಲ್ಲ.

ನಮ್ಮ ಮನೆ ಮಲ್ಪೆ ಕಡಲಿಗೆ ಹತ್ತಿರ. ಆಷಾಢದಲ್ಲಿ ಹಿಂಬದಿಯ ಹಲಸಿನ ಬಾಗಿಲು ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳತೊಡಗಿತ್ತು. ಅದನ್ನು ಕಳಚಿ ಕುದುರೆಗಳ ಮೇಲೆ ಮಲಗಿಸಿ, ಅಂಚಿಗೆ ಮರ ಹೆರೆಯುವ ಕೀಸುಳಿ ಹಿಡಿದು ಮೈಭಾರ ಹಾಕಿ ತಳ್ಳುತ್ತಿದ್ದೆ. ಟಕ್ ಎಂದಿತು. ಇನ್ನೊಂದು ಟಕ್ ಕೇಳುವಷ್ಟರಲ್ಲಿ ಒಂದು ಕುದುರೆ ಕಾಲು ಚಾಚಿ ಮಲಗಿತು, ಬಾಗಿಲು ನೆಲಕ್ಕೆ ಬಿದ್ದು ನಡುವಿನ ಹಲಗೆ ಉದ್ದಕ್ಕೆ ಸೀಳಿತು. ಅಷ್ಟು ಅಗಲದ ಹಲಸಿನ ಹಲಗೆ ಇಂದು ಸಿಗುವುದು ಕಷ್ಟ. ಅಲ್ಲಿ ಈಗ ಪ್ಲೈವುಡ್ ಇದೆ, ಬಂದವರೆಲ್ಲ ಅದನ್ನೇ ನೋಡುತ್ತಾರೆ.

ಆದದ್ದು ಇಷ್ಟು. ನಾಲ್ಕು ಕಾಲುಗಳನ್ನೂ ಮೇಲಿನ ಅಡ್ಡ ಮರದ ಮಗ್ಗುಲಿಗೆ ಒತ್ತಿ, ತಲಾ ಎರಡು ಸ್ಕ್ರೂ ಬಿಗಿದಿದ್ದೆ. ನೋಡಲು ಗಟ್ಟಿ, ಅಲುಗಾಡಿಸಿದರೂ ಗಟ್ಟಿ. ಆದರೆ ಮರದ ಮೇಲೆ ಮರ ಎಲ್ಲಿಯೂ ಕೂತಿರಲಿಲ್ಲ. ಬಾಗಿಲಿನ ಭಾರ, ನನ್ನ ಭಾರ, ಕೀಸುಳಿಯ ತಳ್ಳು, ಎಲ್ಲವೂ ಪೆನ್ಸಿಲ್ ಮೊನೆಗಿಂತ ತುಸುವೇ ದಪ್ಪದ ಆ ಸ್ಕ್ರೂಗಳ ಕುತ್ತಿಗೆಯ ಮೇಲೆ. ಅವಾದರೂ ಎಂಥವು? ಜಿಪ್ಸಂ ಸೀಲಿಂಗಿಗೆ ಹೊಡೆಯುವ ಕಪ್ಪು ಸ್ಕ್ರೂಗಳು. ಕಾಯಿಸಿ ಗಡುಸು ಮಾಡಿದ ಉಕ್ಕು ಅದು, ಬಾಗುವುದಿಲ್ಲ, ಮುರಿಯುತ್ತದೆ. ಸಾಮಾನ್ಯ ಸ್ಕ್ರೂ ಸೋಲುವ ಮುನ್ನ ಸ್ವಲ್ಪ ಬಾಗಿ ಸುಳಿವು ಕೊಡುತ್ತದೆ, ಇದು ಕೊಡದು. ಅದರ ಮೇಲೆ ನಮ್ಮ ಉಪ್ಪು ಗಾಳಿ. ಮುರಿದ ತುಂಡನ್ನು ಇಕ್ಕಳದಿಂದ ಎಳೆದು ನೋಡಿದರೆ, ಎರಡು ಮರ ಕೂಡುವ ಗೆರೆಯಲ್ಲೇ, ನೀರು ನಿಲ್ಲುವ ಆ ಸಂದಿನಲ್ಲೇ ತುಕ್ಕು ತಿಂದು ಸಣಕಲಾಗಿತ್ತು. ಭಾರ ಕತ್ತರಿಸುವ ಜಾಗವೂ ಅದೇ. ಇನ್ನೂ ದಪ್ಪದ ಸ್ಕ್ರೂ ಹಾಕಿದ್ದರೆ ಅನಾಹುತ ಮುಂದಿನ ವರ್ಷಕ್ಕೆ ಹೋಗುತ್ತಿತ್ತು, ಅಷ್ಟೇ.

ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಹಿರಿಯ ಆಚಾರಿ ಬೇಲಿಯ ಆಚೆಯಿಂದ ನೋಡಿ, “ಮನೆಯ ತೊಲೆಯನ್ನು ಗೋಡೆಯ ಮೇಲೆ ಇಡುತ್ತೀರೋ, ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತೀರೋ?” ಎಂದರು. ಅವರು ಜೀವಮಾನವಿಡೀ ನೆಲದಲ್ಲಿ ಕೂತು, ಹಲಗೆಯನ್ನು ಕಾಲಿನಲ್ಲಿ ಅದುಮಿ ಹಿಡಿದೇ ಕೊಯ್ದವರು. ಕುದುರೆಯ ಹಂಗೇ ಅವರಿಗಿಲ್ಲ.

ಈಗಿನ ಜೊತೆಗೆ ನಾಲ್ಕಕ್ಕೆರಡು ಇಂಚಿನ ಮೂರು ತುಂಡುಗಳನ್ನು ಇಂಗ್ಲಿಷಿನ ಐ ಅಕ್ಷರದಂತೆ ಜೋಡಿಸಿದ್ದೇನೆ: ಮೇಲೊಂದು ಅಡ್ಡಡ್ಡ, ಕೆಳಗೊಂದು ಅಡ್ಡಡ್ಡ, ನಡುವಿನದು ಅಂಚಿನ ಮೇಲೆ ನೆಟ್ಟಗೆ, ಮೂರೂ ಮೂರಡಿ ಉದ್ದ. ಕಾಲಿನ ತಲೆಯನ್ನು ಓರೆಯಾಗಿ ಕೊಯ್ದು ಮೇಲಿನ ತುಂಡಿನ ಅಡಿಗೆ ತೂರಿಸಬೇಕು. ಒಳಮೈ ಕೆಳಗಿನ ತುಂಡಿನ ಅಂಚಿಗೆ ಒರಗುತ್ತದೆ, ನಾಲ್ಕು ಇಂಚು ಇಳಿಯುವಷ್ಟರಲ್ಲಿ ಒಂದು ಇಂಚು ಹೊರಕ್ಕೆ ಹೋಗುವ ಓರೆ ತಾನಾಗಿ ಬರುತ್ತದೆ, ಕೋನ ಅಳೆಯುವ ರಗಳೆಯಿಲ್ಲ. ಭಾರ ಮೇಲಿನ ಮರದಿಂದ ನೇರ ಕಾಲಿಗೆ ಇಳಿಯುತ್ತದೆ. ಸ್ಕ್ರೂಗಳಿಗೆ ಉಳಿಯುವುದು ಕಾಲು ಜಾರದಂತೆ ಹಿಡಿಯುವ ಕೆಲಸ, ಅದಕ್ಕೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತನ್ನಿ, ದುಬಾರಿಯಾದರೂ. ಎರಡೂ ತುದಿಯಲ್ಲಿ ಕಾಲಿನಿಂದ ಕಾಲಿಗೆ ಪ್ಲೈವುಡ್ ಪಟ್ಟಿ ಬಿಗಿಯಲು ಮರೆಯಬೇಡಿ, ಇಲ್ಲವಾದರೆ ಕಾಲುಗಳು ಹೊರಕ್ಕೆ ಚಾಚಿಕೊಳ್ಳುತ್ತವೆ.

ಇನ್ನು ಮರ. ಕುದುರೆಗೆ ಸಾಗುವಾನಿ ಹಾಕುವುದು ದುಂದು. ಹಳೆಯ ಹೆಂಚಿನ ಮನೆ ಕೆಡವಿದಲ್ಲಿ ಪಕ್ಕಾಸು, ಅಂದರೆ ಮಾಡಿನ ಇಳಿಜಾರು ಮರ, ಕೇಳಿ. ಹಲಸಿನದೋ ಬೋಗಿ ಮರದ್ದೋ, ದಶಕಗಳ ಕಾಲ ಮಾಡಿನ ಕೆಳಗೆ ಒಣಗಿ ಕೂತ ಮರ, ಇನ್ನು ಡೊಂಕಾಗುವ ಮಾತಿಲ್ಲ. ಅಳತೆ ನಾಲ್ಕಕ್ಕೆರಡೇ ಸಿಗಬೇಕೆಂದಿಲ್ಲ, ನಡುವಿನ ತುಂಡಿಗಿಂತ ಮೇಲಿನದೂ ಕೆಳಗಿನದೂ ಎರಡು ಬದಿಗೂ ಒಂದೊಂದು ಇಂಚು ಚಾಚಿದರಾಯಿತು. ಕೊಯ್ಯುವ ಮುನ್ನ ಅಯಸ್ಕಾಂತ ಆಡಿಸಿ, ಹೆಂಚು ಕೂರಿಸುವ ಪಟ್ಟಿಗಳ, ಅಂದರೆ ರೀಪಿನ, ಮೊಳೆಗಳು ಒಳಗೆ ಮುರಿದು ಕೂತಿರುತ್ತವೆ. ಹಸಿ ಅಕೇಶಿಯಾ ಅಗ್ಗವೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಕಾಲಿನ ಅಡಿ ಮರದ ಅಡ್ಡಕೊಯ್ತ, ನೀರನ್ನು ಹೀರುವುದು ಅಲ್ಲಿಂದಲೇ. ನಾನು ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಕುಡಿಸಿದ್ದೇನೆ, ನಮ್ಮ ಕರಾವಳಿಯ ಹಳೆಯ ಔಷಧಿ. ಕೈಗವಸು ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ.

ಮಡಚುವುದು ಬೇಡ. ತಿರುಗಣೆ ಎಂದರೆ ಮತ್ತೆ ಅದೇ ಕತೆ, ಭಾರವೆಲ್ಲ ತುಕ್ಕು ಹಿಡಿಯುವ ಒಂದು ಕಡ್ಡಿಯ ಮೇಲೆ. ಜಾಗ ಸಾಲದಿದ್ದರೆ ಒಂದರ ಮೇಲೊಂದು ಪೇರಿಸಿ, ಓರೆ ಕಾಲಿನ ಕುದುರೆಗಳು ಹಾಗೆ ಕೂರುತ್ತವೆ. ಎತ್ತರಕ್ಕೆ ಯಾರ ಅಳತೆಯನ್ನೂ ಕೇಳಬೇಡಿ. ಕೈಗರಗಸವಾದರೆ ನಿಮ್ಮ ಮೊಣಕಾಲಿಗಿಂತ ತುಸು ಮೇಲೆ, ಹಲಗೆಯನ್ನು ಮೊಣಕಾಲಿನಲ್ಲಿ ಅದುಮಲು ಬರಬೇಕು. ವಿದ್ಯುತ್ ಗರಗಸವಾದರೆ ಸೊಂಟದ ಹತ್ತಿರಕ್ಕೆ ಏರಿಸಿ, ಮೇಲೊಂದು ಮೆದು ರೀಪು ಹೊಡೆದಿಡಿ, ಅಲಗು ಅದನ್ನು ಕೊಯ್ಯಲಿ. ಆ ರೀಪಿನ ಸ್ಕ್ರೂಗಳನ್ನು ಮಾತ್ರ ಆಳಕ್ಕೆ ಇಳಿಸಿ, ಇಲ್ಲವಾದರೆ ಹಲ್ಲುಗಳು ಅದಕ್ಕೇ ತಾಗುತ್ತವೆ.