ಕಸಿ ಕಿಡ್ನಿಯ ಸ್ಕ್ಯಾನ್‌ನಲ್ಲಿ ‘ಮೈಲ್ಡ್ ಹೈಡ್ರೊನೆಫ್ರೋಸಿಸ್’
ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತಪರೀಕ್ಷೆ) ಏರಿಲ್ಲ, ಆದರೂ ನಿಮ್ಮ ಅಪ್ಪನ ಕಸಿ ಕಿಡ್ನಿಗೆ ‘ಮೈಲ್ಡ್ ಹೈಡ್ರೊನೆಫ್ರೋಸಿಸ್’, ಅಂದರೆ ಮೂತ್ರ ತುಂಬಿ ಕಿಡ್ನಿಯ ಒಳಭಾಗ ಸ್ವಲ್ಪ ಅಗಲವಾಗಿದೆ ಎಂದು ಸ್ಕ್ಯಾನ್ ರಿಪೋರ್ಟ್‌ನಲ್ಲಿ ಬರೆದಿದ್ದಾರೆ, ಯಾಕೆ ಎಂದು ಕೇಳಿದ್ದೀರಿ, ಅಲ್ವಾ? ಬಹುಶಃ ಸ್ಕ್ಯಾನ್‌ಗೆ ಮೊದಲು ನೀರು ಕುಡಿಸಿ ಮೂತ್ರಚೀಲ ತುಂಬಿಸಿದ್ದೇ ಕಾರಣ. ಕಸಿ ಕಿಡ್ನಿ ಕಿಬ್ಬೊಟ್ಟೆಯಲ್ಲಿ, ಮೂತ್ರಚೀಲದ ಹತ್ತಿರವೇ ಇರುತ್ತದೆ. ಎರಡನ್ನೂ ಜೋಡಿಸಿದ ಮೂತ್ರನಾಳವೂ ಗಿಡ್ಡ. ಚೀಲ ಜಾಸ್ತಿ ತುಂಬಿದರೆ ಒತ್ತಡ ಹಿಂದಕ್ಕೆ ಹೋಗಿ, ಕಿಡ್ನಿಯ ಒಳಭಾಗ ಅಗಲವಾಗಿ ಕಾಣುತ್ತದೆ.

ಮೊದಲು ಪೂರ್ತಿ ಮೂತ್ರ ಮಾಡಿಸಿ, ಮತ್ತೆ ಸ್ಕ್ಯಾನ್ ಮಾಡಲು ಕೇಳಿ. ಹಳೇ ರಿಪೋರ್ಟ್ ಜೊತೆಗಿರಲಿ, ಹೋಲಿಸಿ ನೋಡುವುದೇ ಮುಖ್ಯ. ಆಗಲೂ ಅಗಲ ಹಾಗೇ ಇದ್ದರೆ ನಾಳದಲ್ಲಿ ತಡೆ ಇರಬಹುದು; ತಡಮಾಡದೆ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್‌ಗೆ ತೋರಿಸಿ. ರಕ್ತದ ಹರಿವು ನೋಡುವ ಡಾಪ್ಲರ್‌ನಲ್ಲಿ ಆರ್‌ಐ (ಕಿಡ್ನಿಯ ರಕ್ತನಾಳದಲ್ಲಿ ಹರಿವಿಗಿರುವ ಅಡ್ಡಿಯ ಅಳತೆ) 0.8 ದಾಟಿದರೂ ಅಷ್ಟರಿಂದಲೇ ರಿಜೆಕ್ಷನ್ (ದೇಹ ಕಸಿ ಕಿಡ್ನಿಯನ್ನು ತಿರಸ್ಕರಿಸುವುದು) ಅನ್ನಲಾಗದು, ಅದನ್ನು ಖಚಿತಪಡಿಸಲು ಬಯಾಪ್ಸಿ (ಕಿಡ್ನಿಯ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕು. ಮೂತ್ರ ಕಡಿಮೆಯಾದರೆ, ಜ್ವರ ಬಂದರೆ, ಕಿಡ್ನಿ ಇಟ್ಟ ಜಾಗ ನೋಯುತ್ತಿದ್ದರೆ ಸುಮ್ನೆ ಕಾಯಬೇಡಿ, ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ಹೋಗಿ.