ಸಂಗ್ರಹಾಲಯದ ಕೆಲಸಕ್ಕೆ ಬರಲಿರುವ ಕೊಪ್ಪಳದ ಓದುಗರಿಗೆ

ಅಮೆರಿಕದ ಕಲಾ ಸಂಗ್ರಹಾಲಯವೊಂದರ ಏಷ್ಯಾ ವಿಭಾಗಕ್ಕೆ ಇಂಟರ್ನ್ ಆಗಿ ಬರಲಿರುವ ನೀವು, ಇಲ್ಲಿನ ಚಳಿ ತಡೆಯಬಹುದೇ, ವೀಸಾದ ತೊಡಕುಗಳೇನು, ಕೊಪ್ಪಳದ ಕಡೆಯವರಾಗಿರುವುದು ಈ ಕೆಲಸದಲ್ಲಿ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಚಳಿಯ ಕೋಟನ್ನು ಇಲ್ಲಿಗೆ ಬಂದ ಮೇಲೆಯೇ ಕೊಳ್ಳಿ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ ವಿಶ್ವವಿದ್ಯಾಲಯದ ಕಚೇರಿಯನ್ನೇ ವಿಚಾರಿಸಿ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿಯ ಮಾತನ್ನು ನಾನು ಹೇಳಬೇಕಾಗಿಲ್ಲ, ಮನೆಯಲ್ಲಿ ಹೇಗೂ ಕಟ್ಟಿಕೊಡುತ್ತಾರೆ.

ಮೂರನೆಯ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ. ನಾನು ಬಂದ ಹೊಸತರಲ್ಲಿ ಉಗ್ರಾಣದ ಕಪಾಟಿನಲ್ಲಿದ್ದ ಬಳಪದ ಕಲ್ಲಿನ ಶಿಲ್ಪದ ತುಣುಕೊಂದಕ್ಕೆ ಕಡತ ಸಿದ್ಧಪಡಿಸಲು ಹೇಳಿದರು. ಕೈಗೆ ನೈಟ್ರೈಲ್ ಗವಸು, ಬರೆಯಲು ಪೆನ್ಸಿಲ್ ಮಾತ್ರ. ಪೆನ್ನನ್ನು ಒಳಗೆ ಬಿಡುವುದಿಲ್ಲ. ಹಾರದ ಮಣಿಗಳ ನಡುವೆ ದಾರ ತೂರುವಷ್ಟು ಸಂದು ಬಿಡಿಸಿದ್ದ ಆ ಕೆತ್ತನೆಯನ್ನು ಕಂಡೊಡನೆ, 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ನಮ್ಮ ಇಟಗಿಯ ಗುಡಿಯ ಬಾಗಿಲವಾಡ ನೆನಪಾಯಿತು. ಇದು ನಮ್ಮ ಕಡೆಯದೇ ಎಂದೆ. ಮೇಲ್ವಿಚಾರಕರು ನಗಲಿಲ್ಲ, ಅಲ್ಲಗಳೆಯಲೂ ಇಲ್ಲ. ಹಳೆಯ ಫೋಟೋ, ಪ್ರಕಟಿತ ವರದಿ, ಮಾರಾಟದ ರಸೀದಿ, ಇವುಗಳಲ್ಲಿ ಯಾವುದಿದೆ ಎಂದು ಮಾತ್ರ ಕೇಳಿದರು. ನನ್ನ ಬಳಿ ಯಾವುದೂ ಇರಲಿಲ್ಲ. ಆ ಕಡತದಲ್ಲಿ ಇಂದಿಗೂ ‘ಬಹುಶಃ ಕರ್ನಾಟಕ, 12ನೇ ಶತಮಾನ’ ಎಂದಷ್ಟೇ ಇದೆ.

ಇಲ್ಲಿ ಸಂಶೋಧನೆಯೆಂದರೆ ಬಹುಮಟ್ಟಿಗೆ ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದರ ಹುಡುಕಾಟ. ಪುರಾವಸ್ತುಗಳ ಅಕ್ರಮ ಸಾಗಣೆಯನ್ನು ತಡೆಯುವ 1970ರ ಯುನೆಸ್ಕೋ ಒಪ್ಪಂದ ಮತ್ತು ನಮ್ಮ ದೇಶದ 1972ರ ಪುರಾವಸ್ತು ಕಾಯಿದೆಗಳ ನಂತರ ವಸ್ತುವು ದೇಶ ದಾಟಿಬಂದದ್ದೇ ಎಂಬ ಪ್ರಶ್ನೆ ಪ್ರತಿ ಕಡತದಲ್ಲೂ ಏಳುತ್ತದೆ. ಈ ಹುಡುಕಾಟದಲ್ಲಿ ನಿಮ್ಮ ಊರಿನ ಇತಿಹಾಸ ನೆರವಾಗುತ್ತದೆ. ವಸ್ತುವಿನ ವಿವರ ಬರೆದಿಟ್ಟ ಹಳೆಯ ಕಾರ್ಡಿನಲ್ಲಿ ‘ಮೈಸೂರು’ ಎಂದಿದ್ದರೆ ಅದನ್ನು ಅರಮನೆಯ ಊರೆಂದು ಓದಬೇಡಿ. 1956ರಿಂದ 1973ರವರೆಗೆ ಇಡೀ ರಾಜ್ಯದ ಹೆಸರೇ ಅದಾಗಿದ್ದರಿಂದ, ಕಾರ್ಡು ಆ ಅವಧಿಯಲ್ಲಿ ಬರೆದದ್ದಿರಬಹುದು. ಅದಕ್ಕೆ ಮೊದಲು ಕೊಪ್ಪಳ, ರಾಯಚೂರುಗಳು ಹೈದರಾಬಾದಿಗೂ ಬಳ್ಳಾರಿಯು 1953ರವರೆಗೆ ಮದರಾಸಿಗೂ ಸೇರಿದ್ದವು. ಆದ್ದರಿಂದ ನಮ್ಮ ಶಾಸನಗಳನ್ನು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹುಡುಕಿ ದಣಿಯಬೇಡಿ. ಬಳ್ಳಾರಿಯವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಎಂಬ ಶಾಸನ ಮಾಲೆಯ ಒಂಬತ್ತನೆಯ ಸಂಪುಟದಲ್ಲಿವೆ, ಕೊಪ್ಪಳದವುಗಳಿಗೆ ಹೈದರಾಬಾದ್ ಪುರಾತತ್ವ ಮಾಲೆಯನ್ನು ನೋಡಬೇಕು. ಇಲ್ಲಿನ ವಿದ್ವಾಂಸರಿಗೂ ಇದನ್ನು ಹೇಳಿಕೊಡುವಾಗ ನನಗೆ ಸ್ವಲ್ಪ ಹೆಮ್ಮೆಯಾಗುವುದುಂಟು.

ನನ್ನನ್ನು ಕಾಡುವುದು ಬೇರೆಯದು. ಯಾವ ಗುಡಿಯ ಯಾವ ಗೂಡು ಎಂದಿನಿಂದ ಬರಿದಾಗಿದೆ, ಮೂರ್ತಿಯನ್ನು ಯಾರು ಒಯ್ದರೆಂದು ಹೇಳಬಲ್ಲ ಪೂಜಾರಿಗಳು, ಗೌಡರ ಮನೆಯ ಹಿರಿಯರು ನಾನು ಚಿಕ್ಕವಳಿದ್ದಾಗ ನಮ್ಮ ಭಾಗದಲ್ಲಿ ಇದ್ದರು. ಕಟ್ಟೆಯ ಮೇಲೆ ಕುಳಿತು ಹೇಳಿದ್ದನ್ನು ಯಾರೂ ಬರೆದಿಡಲಿಲ್ಲ. ಅವರ ಒಂದು ಹೇಳಿಕೆ, ಹೆಸರು ಮತ್ತು ತಾರೀಖಿನೊಂದಿಗೆ, ಆ ಕಡತದಲ್ಲಿದ್ದಿದ್ದರೆ ‘ಬಹುಶಃ’ ಎಂಬುದನ್ನು ಅಳಿಸಲು ದಾರಿಯಾಗುತ್ತಿತ್ತೇನೋ.

ಹೊರಡುವ ಮುನ್ನ ಇಟಗಿ, ಕುಕನೂರುಗಳಿಗೆ ಹೋಗಿ ಕಂಬ, ಬಾಗಿಲವಾಡ, ಖಾಲಿ ಗೂಡುಗಳ ಫೋಟೋಗಳನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದುಕೊಳ್ಳಿ. ಗುಡಿಯ ಬಳಿ ವಯಸ್ಸಾದವರು ಸಿಕ್ಕರೆ ಅವರ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಿ, ಊರು ಮತ್ತು ದಿನಾಂಕವನ್ನು ಮೊದಲಲ್ಲೇ ಹೇಳಿಸಿ.