ಉತ್ತರ: ಲೋಕಲ್‌ಹೋಸ್ಟ್ 2222ಕ್ಕೆ ಹೋದಾಗಲೆಲ್ಲ ‘ಗುರುತು ಬದಲಾಗಿದೆ’ ಅನ್ನುವ ಎಚ್ಚರಿಕೆ

ಸರ್, ನಿಮ್ಮ ಪ್ರಶ್ನೆ ಓದಿದೆ. ಈಗ ನೋಡುವವರಿಗೂ ತಿಳಿಯಲಿ ಅಂತ ಒಮ್ಮೆ ಹೇಳಿಬಿಡುತ್ತೇನೆ. ನಿಮ್ಮ ಪಂಪ್‌ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಇದೆ, ಮಾವನವರ ತೋಟದಲ್ಲಿ ಇನ್ನೊಂದು. ಎರಡೂ ಕಡೆ ಸಿಮ್ ರೌಟರ್. ಹೊರಗಿನಿಂದ ನೇರವಾಗಿ ಒಳಗೆ ಹೋಗಲು ದಾರಿ ಇಲ್ಲ. ಅದಕ್ಕೇ ಎರಡೂ ಪೈಗಳು ತಾವಾಗಿಯೇ ನಿಮ್ಮ ಬಾಡಿಗೆ ಸರ್ವರ್‌ಗೆ ಹೋಗಿ ರಿವರ್ಸ್ ಟನಲ್, ಅಂದರೆ ಒಳಗಿನಿಂದ ತೆರೆದು ಹೊರಗಿನವರು ಅದೇ ದಾರಿಯಲ್ಲಿ ಒಳಗೆ ಬರಲು ಬಿಡುವ ಸುರಂಗ, ತೆರೆದಿಟ್ಟಿವೆ. ನೀವು ಬೆಂಗಳೂರಿನಿಂದ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ, ಯಾವಾಗಲೂ ನಿಮ್ಮ ಲ್ಯಾಪ್‌ಟಾಪ್‌ನ ಲೋಕಲ್‌ಹೋಸ್ಟ್ (ಯಂತ್ರ ತನ್ನನ್ನೇ ಕರೆದುಕೊಳ್ಳುವ ಹೆಸರು) 2222ನೇ ಪೋರ್ಟ್ (ಒಳಹೋಗುವ ಬಾಗಿಲಿನ ನಂಬರ್) ಮೂಲಕವೇ ಹೋಗುತ್ತೀರಿ. ಬದಲಾಯಿಸಿದಾಗಲೆಲ್ಲ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಭದ್ರವಾಗಿ ಲಾಗಿನ್ ಆಗುವ ಪ್ರೋಗ್ರಾಂ) ಆ ದೊಡ್ಡ ಎಚ್ಚರಿಕೆ ತೋರಿಸಿ ನಿಂತುಬಿಡುತ್ತದೆ.

ಇಲ್ಲಿ ಪೈ ಕೆಟ್ಟಿಲ್ಲ, ಯಾರೂ ಹ್ಯಾಕ್ ಮಾಡಿಲ್ಲ. ಎಸ್‌ಎಸ್‌ಎಚ್‌ಗೆ ನೀವು ಕೊಟ್ಟಿರುವ ಹೆಸರೇ ತೊಂದರೆ ಮಾಡುತ್ತಿದೆ.

ನಮ್ಮ ಮಲೆನಾಡಿನ ಕಡೆ ಒಂಟಿಮನೆಗಳಿಗೆ ಕಾಗದ ಹೇಗೆ ಬರುತ್ತಿತ್ತು ನೆನಪಿದೆ ಅಲ್ವಾ? ‘ಕೇರಾಫ್ ಇಂಥ ಅಂಗಡಿ’ ಅಂತ. ನಾಲ್ಕು ಮನೆಯವರಿಗೂ ಅದೇ ಅಂಗಡಿ ವಿಳಾಸ. ಆ ವಿಳಾಸಕ್ಕೆ ಒಂದೇ ಮುಖ ಅಂತ ನೆನಪಿಟ್ಟುಕೊಂಡರೆ, ಎರಡನೇ ಮನೆಯವರು ಬಂದ ಕೂಡಲೇ ಗಾಬರಿಯಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮಾಡುತ್ತಿರುವುದೂ ಅದನ್ನೇ. ಮೊದಲ ಸಲ ಹೋದಾಗ ಅದು ಆ ಯಂತ್ರದ ಹೋಸ್ಟ್ ಕೀಯನ್ನು, ಅಂದರೆ ಅದರ ಗುರುತಿನ ಚೀಟಿಯನ್ನು, ನಿಮ್ಮ ಹೋಮ್ ಫೋಲ್ಡರ್‌ನ ಡಾಟ್ ಎಸ್‌ಎಸ್‌ಎಚ್ ಒಳಗೆ ನೋನ್ ಹೋಸ್ಟ್ಸ್ ಅನ್ನುವ ಫೈಲಿನಲ್ಲಿ ಬರೆದಿಟ್ಟಿತು. ಅಲ್ಲಿ ಬರೆದ ಹೆಸರು ‘ಪಂಪ್‌ಮನೆ’ ಅಲ್ಲ. [ಲೋಕಲ್‌ಹೋಸ್ಟ್]:2222 ಅಂತ. ಚೌಕ ಬ್ರಾಕೆಟ್ ಒಳಗೆ ಹೋಸ್ಟ್, ಆಮೇಲೆ ಕೋಲನ್, ಆಮೇಲೆ ಪೋರ್ಟ್. 22 ಬಿಟ್ಟು ಬೇರೆ ಪೋರ್ಟ್ ಆದರೆ ಹೀಗೇ ಬರೆಯುತ್ತದೆ. ನಾಳೆ ಅದೇ 2222ರ ಆ ತುದಿಯಲ್ಲಿ ಮಾವನವರ ಪೈ ನಿಂತಿದ್ದರೆ, ಹೆಸರು ಅದೇ, ಕೀ ಬೇರೆ. ಎಚ್ಚರಿಕೆ ಬರಲೇಬೇಕು.

ಮೇಲೆ ಒಬ್ಬರು ‘ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ಅನ್ನು ನೋ ಮಾಡಿ, ನೋನ್ ಹೋಸ್ಟ್ಸ್ ಫೈಲನ್ನು ಡೆವ್ ನಲ್‌ಗೆ ತಿರುಗಿಸಿ, ತಲೆನೋವೇ ಇರಲ್ಲ’ ಅಂದಿದ್ದಾರೆ. ಅಂದರೆ ಕೀ ಪರೀಕ್ಷೆಯನ್ನು ಸಡಿಲಿಸಿ, ಏನು ಬರೆದರೂ ಉಳಿಯದ ಜಾಗಕ್ಕೆ ಆ ಫೈಲನ್ನು ಕಳಿಸಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಬರೀ ‘ನೋ’ ಅಂತ ಇಟ್ಟರೆ, ಕೀ ಬದಲಾದಾಗ ಎಸ್‌ಎಸ್‌ಎಚ್ ಒಳಗೇನೋ ಬಿಡುತ್ತದೆ, ಆದರೆ ಪಾಸ್‌ವರ್ಡ್ ಲಾಗಿನ್, ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್ ಎಲ್ಲವನ್ನೂ ತಾನೇ ನಿಲ್ಲಿಸುತ್ತದೆ. ಅಷ್ಟಾದರೂ ಕಾವಲಿದೆ. ಫೈಲನ್ನೂ ಡೆವ್ ನಲ್‌ಗೆ ತಿರುಗಿಸಿದರೆ ಹಳೆಯ ನೆನಪೇ ಇರುವುದಿಲ್ಲ. ಪ್ರತಿ ಸಲವೂ ಹೊಸ ಪರಿಚಯ. ಎದುರಿಗೆ ಯಾರೇ ಇರಲಿ, ನಿಮ್ಮ ಪಾಸ್‌ವರ್ಡ್ ಅವರ ಕೈಗೆ ಹೋಗುತ್ತದೆ. ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳುತ್ತಿದ್ದರು ಅನ್ನುವ ಕಾರಣಕ್ಕೇ 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಸ್‌ಎಸ್‌ಎಚ್ ಹುಟ್ಟಿದ್ದು. ನಮ್ಮ ಜೋಡಣೆಯಲ್ಲಂತೂ ನಡುವೆ ಒಂದು ಬಾಡಿಗೆ ಸರ್ವರ್ ಇದೆ, ಅದು ಇಂಟರ್ನೆಟ್‌ಗೆ ತೆರೆದುಕೊಂಡು ಕೂತಿದೆ. ಅದರೊಳಗೆ ಯಾರಾದರೂ ನುಗ್ಗಿದರೆ 2222ರಲ್ಲಿ ತಮ್ಮದೇ ಒಂದು ಸುಳ್ಳು ಪೈ ನಿಲ್ಲಿಸಬಹುದು. ಅದನ್ನು ಹಿಡಿದುಕೊಡುವುದು ಹೋಸ್ಟ್ ಕೀ ಒಂದೇ.

‘ನೋ ಹೋಸ್ಟ್ ಅಥೆಂಟಿಕೇಶನ್ ಫಾರ್ ಲೋಕಲ್‌ಹೋಸ್ಟ್’ ಅಂತ ಇನ್ನೊಂದು ಆಯ್ಕೆ ಕಾಣಿಸುತ್ತದೆ. ಹೆಸರು ನೋಡಿದರೆ ನಮಗೇ ಮಾಡಿದ ಹಾಗಿದೆ. ಅದು ಲೋಕಲ್‌ಹೋಸ್ಟ್ ಅಂದರೆ ನಿಜವಾಗಿಯೂ ಅದೇ ಯಂತ್ರ ಆಗಿರುವವರಿಗೆ. ನಮ್ಮ ಲೋಕಲ್‌ಹೋಸ್ಟ್‌ನ ಆ ತುದಿ ಮುನ್ನೂರು ಕಿಲೋಮೀಟರ್ ಆಚೆ ಇದೆ. ಬೇಡ.

ಹಾಗಾದರೆ ಏನು ಮಾಡಬೇಕು? ದಾರಿಯ ಹೆಸರಿನಲ್ಲಿ ಅಲ್ಲ, ಯಂತ್ರದ ಹೆಸರಿನಲ್ಲಿ ಕೀ ನೆನಪಿಟ್ಟುಕೋ ಅಂತ ಎಸ್‌ಎಸ್‌ಎಚ್‌ಗೆ ಹೇಳಬೇಕು. ಅದಕ್ಕೆ ಇರುವ ಸೆಟ್ಟಿಂಗ್ ‘ಹೋಸ್ಟ್‌ಕೀಅಲಿಯಾಸ್’. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಒಂದೊಂದು ಯಂತ್ರಕ್ಕೆ ಒಂದೊಂದು ತುಂಡು ಬರೆಯಿರಿ. ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನೀವು ಫೈಲಿಗೆ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಒಂದು ಸೆಟ್ಟಿಂಗ್ ಹೆಸರಿನ ಒಳಗೆ ಜಾಗ ಬಿಡಬೇಡಿ, ಆ ಹೆಸರಿನ ಆಮೇಲೆ ಮಾತ್ರ ಜಾಗ ಬಿಡಿ.

ಹೋಸ್ಟ್ ಪಂಪ್‌ಮನೆ
  ಹೋಸ್ಟ್‌ನೇಮ್ ಲೋಕಲ್‌ಹೋಸ್ಟ್
  ಪೋರ್ಟ್ 2221
  ಪ್ರಾಕ್ಸಿಜಂಪ್ ಬಾಡಿಗೆ
  ಹೋಸ್ಟ್‌ಕೀಅಲಿಯಾಸ್ ಪಂಪ್‌ಮನೆ

ಹೋಸ್ಟ್ ಮಾವನತೋಟ
  ಹೋಸ್ಟ್‌ನೇಮ್ ಲೋಕಲ್‌ಹೋಸ್ಟ್
  ಪೋರ್ಟ್ 2222
  ಪ್ರಾಕ್ಸಿಜಂಪ್ ಬಾಡಿಗೆ
  ಹೋಸ್ಟ್‌ಕೀಅಲಿಯಾಸ್ ಮಾವನತೋಟ

‘ಬಾಡಿಗೆ’ ಅನ್ನುವುದು ನಿಮ್ಮ ಸರ್ವರ್‌ನ ತುಂಡು, ಅದನ್ನು ಮಾಮೂಲಿನಂತೆ ಬರೆದುಕೊಳ್ಳಿ. ಪ್ರಾಕ್ಸಿಜಂಪ್ ಅಂದರೆ ಆ ಸರ್ವರ್ ಮೂಲಕ ಹಾದು ಹೋಗು ಅಂತ. ಅದು ಇರುವುದರಿಂದ ಇನ್ನು ಮೇಲೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ವಿಂಡೋ ತೆರೆದು ಟನಲ್ ಹಾಕುವ ಕೆಲಸವೇ ಇಲ್ಲ. ‘ಎಸ್‌ಎಸ್‌ಎಚ್ ಪಂಪ್‌ಮನೆ’ ಅಂದರೆ ಸಾಕು. ಇಲ್ಲಿ ಲೋಕಲ್‌ಹೋಸ್ಟ್ ಅಂದರೆ ಬಾಡಿಗೆ ಸರ್ವರ್‌ನ ಲೋಕಲ್‌ಹೋಸ್ಟ್, ನಿಮ್ಮ ಲ್ಯಾಪ್‌ಟಾಪ್‌ದಲ್ಲ. 2221, 2222 ಅನ್ನುವುದು ಒಂದೊಂದು ಪೈ ಆ ಸರ್ವರ್‌ನಲ್ಲಿ ತೆರೆದಿಟ್ಟ ಪೋರ್ಟ್. ಸರ್ವರ್ ನಡುವೆ ಇದ್ದರೂ ಅದಕ್ಕೆ ಕಾಣುವುದು ಗೂಢಲಿಪಿಯ ಬೈಟುಗಳು ಮಾತ್ರ. ಗುರುತು ಪರೀಕ್ಷೆ ನಡೆಯುವುದು ನೇರವಾಗಿ ಲ್ಯಾಪ್‌ಟಾಪ್‌ಗೂ ಪೈಗೂ ನಡುವೆ. ಪ್ರಾಕ್ಸಿಜಂಪ್ 2016ರ ಓಪನ್‌ಎಸ್‌ಎಸ್‌ಎಚ್ 7.3ರಿಂದ ಇದೆ, ಹಾಗಾಗಿ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಖಂಡಿತ ಇರುತ್ತದೆ.

ಬೇರೆ ಬೇರೆ ಪೋರ್ಟ್ ಕೊಟ್ಟ ಮೇಲೆ ಅಲಿಯಾಸ್ ಯಾಕೆ ಅಂತ ಕೇಳಬಹುದು. ಪೋರ್ಟ್ ನಂಬರ್ ಶಾಶ್ವತವಲ್ಲ. ನಾಳೆ ಸರ್ವರ್ ಬದಲಾಯಿಸುತ್ತೀರಿ, ಮೂರನೇ ಪೈ ಬರುತ್ತದೆ, ನಂಬರ್ ಅದಲುಬದಲು ಆಗುತ್ತದೆ. ಮನೆಗೆ ಹೋದಾಗ ಅದೇ ಪೈಗೆ ವೈಫೈನಲ್ಲಿ ನೇರವಾಗಿ ಹೋಗುತ್ತೀರಿ. ಲ್ಯಾಪ್‌ಟಾಪ್‌ನಲ್ಲಿ ವ್ಯಾಗ್ರಂಟ್ (ವರ್ಚುವಲ್ ಯಂತ್ರ ಓಡಿಸುವ ಸಾಧನ) ಇದ್ದರೆ ಅದೂ ಮೊದಲು 2222ಕ್ಕೇ ಕೈ ಹಾಕುತ್ತದೆ. ಅಲಿಯಾಸ್ ಇದ್ದಾಗ ನೋನ್ ಹೋಸ್ಟ್ಸ್‌ನಲ್ಲಿ ಪೋರ್ಟ್ ನಂಬರೇ ಬರೆಯುವುದಿಲ್ಲ, ‘ಪಂಪ್‌ಮನೆ’ ಅಂತಷ್ಟೇ ಇರುತ್ತದೆ. ಮನೆಯ ವೈಫೈಗೆಂದು ‘ಪಂಪ್‌ಮನೆ-ಒಳಗೆ’ ಅಂತ ಇನ್ನೊಂದು ತುಂಡು ಬರೆದು ಅದಕ್ಕೂ ಅದೇ ಅಲಿಯಾಸ್ ಕೊಡಿ. ಯಾವ ದಾರಿಯಲ್ಲಿ ಹೋದರೂ ಗುರುತು ಒಂದೇ. ಫೈಲ್ ಕಳಿಸುವ ಎಸ್‌ಸಿಪಿ, ಆರ್‌ಸಿಂಕ್ ಕೂಡ ಇದೇ ಕಾನ್ಫಿಗ್ ಓದುತ್ತವೆ.

ಈಗ ಹಳೆಯ ಸಾಲು ಏನು ಮಾಡುವುದು? ‘ಎಸ್‌ಎಸ್‌ಎಚ್-ಕೀಜೆನ್’ ಅನ್ನುವ ಕಮಾಂಡಿಗೆ, ಹಿಂದೆ ಅಡ್ಡಗೆರೆ ಸೇರಿಸಿ, ದೊಡ್ಡ ಆರ್ ಕೊಟ್ಟು, ಮುಂದೆ [ಲೋಕಲ್‌ಹೋಸ್ಟ್]:2222 ಅಂತ ಕೋಟ್ ಒಳಗೆ ಕೊಡಿ. ಬ್ರಾಕೆಟ್ ಬಿಟ್ಟರೆ ಸಾಲು ಸಿಗುವುದಿಲ್ಲ, ತುಂಬ ಜನ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಅದು ಹಳೆಯ ಫೈಲನ್ನು ಡಾಟ್ ಓಲ್ಡ್ ಅಂತ ಉಳಿಸಿಕೊಂಡಿರುತ್ತದೆ, ಭಯ ಬೇಡ. ಪೂರ್ತಿ ಫೈಲನ್ನೇ ಅಳಿಸಬೇಡಿ. ಅದರಲ್ಲಿ ನೀವು ನಂಬಿದ ಬೇರೆಲ್ಲ ಯಂತ್ರಗಳ ಗುರುತೂ ಇದೆ. ಕೆಲವರು ಅಳಿಸುವ ಬದಲು ಎರಡು ಪೈಗಳ ಕೀಯನ್ನೂ ಅದೇ ಹೆಸರಿನ ಎದುರು ಎರಡು ಸಾಲಾಗಿ ಇಡುತ್ತಾರೆ. ಆಗ ಎಚ್ಚರಿಕೆ ಬರುವುದಿಲ್ಲ ನಿಜ. ಆದರೆ ಎರಡರಲ್ಲಿ ಯಾವುದು ಎದುರಿಗಿದ್ದರೂ ಎಸ್‌ಎಸ್‌ಎಚ್ ಸರಿ ಅನ್ನುತ್ತದೆ, ಯಾವ ತೋಟದಲ್ಲಿದ್ದೀರಿ ಅಂತ ನಿಮಗೆ ತಿಳಿಯುವುದಿಲ್ಲ.

ಹೊಸ ಹೆಸರಿನಲ್ಲಿ ಮೊದಲ ಸಲ ಹೋದಾಗ ಅದು ಫಿಂಗರ್‌ಪ್ರಿಂಟ್ (ಹೋಸ್ಟ್ ಕೀಯ ಚಿಕ್ಕ ರೂಪ) ತೋರಿಸಿ ‘ಹೌದಾ, ಅಲ್ಲವಾ’ ಅಂತ ಕೇಳುತ್ತದೆ. ಸುಮ್ನೆ ಯೆಸ್ ಒತ್ತಬೇಡಿ. ಇಡೀ ಕೆಲಸದ ಜೀವ ಇಲ್ಲೇ ಇರುವುದು. ಫಿಂಗರ್‌ಪ್ರಿಂಟ್ ಬೇರೆ ದಾರಿಯಿಂದ ನಿಮ್ಮ ಕೈಗೆ ಬಂದಿರಬೇಕು. ಊರಿಗೆ ಹೋದಾಗ ಪೈಗೆ ಕೀಬೋರ್ಡು, ಪರದೆ ಹಾಕಿ ‘ಎಸ್‌ಎಸ್‌ಎಚ್-ಕೀಜೆನ್’ಗೆ ಸಣ್ಣ ಎಲ್, ಸಣ್ಣ ಎಫ್ ಕೊಟ್ಟು, ಇಟಿಸಿ ಒಳಗಿನ ಎಸ್‌ಎಸ್‌ಎಚ್ ಫೋಲ್ಡರಿನ ಇಡಿ25519 ಪಬ್ ಫೈಲನ್ನು ತೋರಿಸಿ. ಒಂದು ಸಾಲು ಬರುತ್ತದೆ. ಅದರಲ್ಲಿ ‘ಶಾ256’, ಕೋಲನ್, ಆಮೇಲೆ 43 ಅಕ್ಷರ ಇರುವ ಭಾಗವೇ ಫಿಂಗರ್‌ಪ್ರಿಂಟ್. ಫೋಟೋ ಹೊಡೆದುಕೊಳ್ಳಿ. ನಾನು ಅದನ್ನು ಪಂಪ್‌ಮನೆಯ ಸ್ಟಾರ್ಟರ್ ಬಾಕ್ಸಿನ ಬಾಗಿಲ ಒಳಗೆ ಅಂಟಿಸಿಯೂ ಇಟ್ಟಿದ್ದೇನೆ. ಆ ಪ್ರಶ್ನೆಗೆ ಯೆಸ್ ಬದಲು ‘ಶಾ256’ರಿಂದ ಶುರುವಾಗುವ ಆ ಫಿಂಗರ್‌ಪ್ರಿಂಟನ್ನೇ ಪೇಸ್ಟ್ ಮಾಡಬಹುದು. ಸರಿಹೊಂದಿದರೆ ಮಾತ್ರ ಒಳಗೆ ಬಿಡುತ್ತದೆ. 2019ರ 8.0 ಆವೃತ್ತಿಯಿಂದ ಇದು ಇದೆ. ಕಣ್ಣಲ್ಲಿ ಹೋಲಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಮುಖ್ಯ ವಿಷಯ. ನೀವು ಎರಡನೇ ಪೈಗೆ ಮೊದಲನೆಯದರ ಎಸ್‌ಡಿ ಕಾರ್ಡನ್ನೇ ಕಾಪಿ ಮಾಡಿ ಹಾಕಿಲ್ಲ, ಅಲ್ವಾ? ನಿಮಗೆ ಎಚ್ಚರಿಕೆ ಬರುತ್ತಿರುವುದರಿಂದ ಇಲ್ಲ ಅಂದುಕೊಂಡಿದ್ದೇನೆ. ನಾನು ಹಾಗೆ ಮಾಡಿ ನಷ್ಟ ಪಟ್ಟವನು. ಹಳ್ಳದ ಪಂಪಿಗೆ ಇದ್ದ ಕಾರ್ಡನ್ನೇ ನಕಲು ಮಾಡಿ ಸಸಿಮಡಿಯ ಪೈಗೆ ಹಾಕಿದ್ದೆ. ಹೊಸ ಇಮೇಜ್ ಹಾಕಿದರೆ ರಾಸ್ಪ್‌ಬೆರಿ ಪೈ ಓಎಸ್ ಮೊದಲ ಬೂಟಿನಲ್ಲಿ ತನ್ನ ಹೋಸ್ಟ್ ಕೀ ತಾನೇ ಹುಟ್ಟಿಸಿಕೊಳ್ಳುತ್ತದೆ. ಓಡುತ್ತಿದ್ದ ಕಾರ್ಡನ್ನು ನಕಲು ಮಾಡಿದರೆ ಕೀ ಕೂಡ ನಕಲಾಗುತ್ತದೆ. ಟನಲ್ ಸರ್ವಿಸ್ ಕೂಡ. ಸಸಿಮಡಿಯದಕ್ಕೆ ಪೋರ್ಟ್ ಬದಲಾಯಿಸಿದ್ದೆ, ಆದರೆ ಹಳೆಯ ಸರ್ವಿಸನ್ನು ನಿಲ್ಲಿಸಿದ್ದೆನೇ ಹೊರತು, ಬೂಟ್ ಆದಾಗ ತಾನೇ ಏಳದಂತೆ ಡಿಸೇಬಲ್ ಮಾಡಿರಲಿಲ್ಲ. ಒಂದು ಸಂಜೆ ಕರೆಂಟ್ ಹೋಗಿ ಬಂತು. ಎರಡೂ ಒಟ್ಟಿಗೆ ಎದ್ದು 2222 ಕೇಳಿದವು. ಸಸಿಮಡಿಯದು ಮೊದಲು ಹಿಡಿಯಿತು. ರಾತ್ರಿ ನಾನು ಮೋಟಾರ್ ನಿಲ್ಲಿಸಲು ಒಳಗೆ ಹೋದೆ. ಕೀ ಒಂದೇ ಆದ್ದರಿಂದ ಒಂದು ಸಾಲು ಎಚ್ಚರಿಕೆಯೂ ಬರಲಿಲ್ಲ. ಸ್ಕ್ರಿಪ್ಟೂ ಒಂದೇ, ಹಾಗಾಗಿ ‘ರಿಲೇ ಆಫ್’ (ಮೋಟಾರ್ ಸ್ವಿಚ್ ಆಫ್) ಅಂತ ಉತ್ತರವೂ ಬಂತು. ಆಫ್ ಆಗಿದ್ದು ಏನೂ ಕಟ್ಟಿಲ್ಲದ ರಿಲೇ. ಹಳ್ಳದ ಗುಂಡಿ ಬರಿದಾದ ಮೇಲೂ ಮೋಟಾರ್ ಬೆಳಗಿನವರೆಗೆ ಓಡಿತು. ಕಾಯಿಲ್ ಸುಟ್ಟು ರಿವೈಂಡಿಂಗ್‌ಗೆ ಹಾಕಬೇಕಾಯಿತು, ಏಪ್ರಿಲ್ ಬಿಸಿಲಿನಲ್ಲಿ ಒಂದು ವಾರ ತೋಟಕ್ಕೆ ನೀರಿಲ್ಲ. ಆ ಎಚ್ಚರಿಕೆ ನಮಗೆ ಎಷ್ಟು ಬೇಕು ಅಂತ ನನಗೆ ಗೊತ್ತಾಗಿದ್ದು ಅದು ಬಾರದೆ ಇದ್ದ ದಿನ.

ಹಾಗಾಗಿ ಒಮ್ಮೆ ಎರಡೂ ಪೈಗಳ ಫಿಂಗರ್‌ಪ್ರಿಂಟ್ ಹೋಲಿಸಿ ನೋಡಿ. ಈಚಿನ ಎಸ್‌ಎಸ್‌ಎಚ್ ಇದನ್ನು ತಾನೇ ಹೇಳುತ್ತದೆ. ಹೊಸ ಹೆಸರಿಗೆ ಹೋದಾಗ ‘ಈ ಕೀ ಈ ಬೇರೆ ಹೆಸರುಗಳಲ್ಲೂ ಗೊತ್ತಿದೆ’ ಅಂತ ಪಟ್ಟಿ ಕೊಡುತ್ತದೆ. ಅಲ್ಲಿ ಹಳೆಯ ಲೋಕಲ್‌ಹೋಸ್ಟ್ ಸಾಲು ಬಂದರೆ ತೊಂದರೆ ಇಲ್ಲ. ‘ಮಾವನತೋಟ’ಕ್ಕೆ ಹೋಗುವಾಗ ‘ಪಂಪ್‌ಮನೆ’ ಕಾಣಿಸಿದರೆ ನಕಲು ಕಾರ್ಡ್ ಅಂತಲೇ ಅರ್ಥ, ಇಲ್ಲವೇ ನೀವು ತಪ್ಪು ಪೈಯಲ್ಲಿದ್ದೀರಿ.

ನಕಲಾಗಿದ್ದರೆ ಒಂದರಲ್ಲಿ ಕೀ ಹೊಸದು ಮಾಡಬೇಕು. ಮೊದಲು ಯಾವ ಯಂತ್ರದಲ್ಲಿದ್ದೀರಿ ಅಂತ ಪ್ರೋಕ್ ಒಳಗಿನ ಸಿಪಿಯುಇನ್ಫೋ ಫೈಲಿನ ಕೊನೆಯಲ್ಲಿರುವ ಸೀರಿಯಲ್ ನಂಬರ್ ನೋಡಿ ಖಚಿತ ಮಾಡಿಕೊಳ್ಳಿ, ಅದು ಕಾರ್ಡಿನದ್ದಲ್ಲ, ಬೋರ್ಡಿನದ್ದು. ಆಮೇಲೆ ಇಟಿಸಿಯ ಎಸ್‌ಎಸ್‌ಎಚ್ ಫೋಲ್ಡರಿನಲ್ಲಿ ‘ಎಸ್‌ಎಸ್‌ಎಚ್_ಹೋಸ್ಟ್_’ ಅಂತ ಶುರುವಾಗುವ ಫೈಲುಗಳನ್ನು ಮಾತ್ರ ತೆಗೆದು, ‘ಎಸ್‌ಎಸ್‌ಎಚ್-ಕೀಜೆನ್’ಗೆ ದೊಡ್ಡ ಎ ಕೊಡಿ. ಅದೇ ವಿಂಡೋದಲ್ಲಿ ಹೊಸ ಫಿಂಗರ್‌ಪ್ರಿಂಟ್ ಓದಿ ಬರೆದಿಟ್ಟುಕೊಂಡು, ಆಮೇಲೆ ಎಸ್‌ಎಸ್‌ಎಚ್ ಸರ್ವಿಸ್ ರಿಸ್ಟಾರ್ಟ್ ಮಾಡಿ. ಒಮ್ಮೆ ಹೊರಗೆ ಬಂದರೆ ನಂಬಿಕೆಯ ಕೊಂಡಿ ತಪ್ಪಿಹೋಗುತ್ತದೆ.

ಟನಲ್ ಕಟ್ಟಲು ಪೈ ಬಳಸುವ ಕೀ ಕೂಡ ಒಂದೊಂದಕ್ಕೆ ಬೇರೆ ಇರಲಿ. ಬಾಡಿಗೆ ಸರ್ವರ್‌ನ ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಸಾಲಿನ ಮುಂದೆ ‘ಪರ್ಮಿಟ್‌ಲಿಸನ್’ ಅಂತ ಬರೆದು ಅದರ ಪೋರ್ಟ್ ಕೊಟ್ಟರೆ, ಆ ಪೈ ಬೇರೆ ಪೋರ್ಟ್ ಹಿಡಿಯಲು ಆಗುವುದೇ ಇಲ್ಲ. ನನಗೆ ಇದು ಮೊದಲೇ ಗೊತ್ತಿದ್ದರೆ ಮೋಟಾರ್ ಉಳಿಯುತ್ತಿತ್ತು. ಪೈ ಕಡೆಯ ಟನಲ್‌ಗೆ ‘ಎಕ್ಸಿಟ್‌ಆನ್‌ಫಾರ್ವರ್ಡ್‌ಫೇಲ್ಯೂರ್ ಯೆಸ್’ ಕೂಡ ಹಾಕಿ. ಇಲ್ಲದಿದ್ದರೆ ಪೋರ್ಟ್ ಸಿಗದಿದ್ದರೂ ಟನಲ್ ಇದ್ದ ಹಾಗೆ ಕಾಣುತ್ತಿರುತ್ತದೆ.

ಪೈ ಕೂಡ ಸರ್ವರ್‌ನ ಗುರುತು ನೋಡುತ್ತದೆ ಅನ್ನುವುದು ನೆನಪಿರಲಿ. ಕೈಯಲ್ಲಿ ಹಾಕಿದರೆ ಟನಲ್ ಬರುತ್ತದೆ, ಬೂಟ್ ಆದಾಗ ಬರುವುದಿಲ್ಲ ಅನ್ನುವವರು, ಸರ್ವಿಸ್ ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ ನೋಡಿ. ರೂಟ್ ಆಗಿದ್ದರೆ ರೂಟ್‌ನ ನೋನ್ ಹೋಸ್ಟ್ಸ್‌ನಲ್ಲಿ ಸರ್ವರ್‌ನ ಕೀ ಇರಬೇಕು. ನಿಮ್ಮದರಲ್ಲಿ ಇದ್ದರೆ ಅದಕ್ಕೆ ಸಿಗುವುದಿಲ್ಲ.

ಶೆಡ್ಡಿನ ಬಿಸಿಗೆ ಎಸ್‌ಡಿ ಕಾರ್ಡ್ ಹಾಳಾಗುವುದು ನಮಗೆಲ್ಲ ಮಾಮೂಲು. ಆ ‘ಎಸ್‌ಎಸ್‌ಎಚ್_ಹೋಸ್ಟ್_’ ಫೈಲುಗಳ ಒಂದು ಪ್ರತಿಯನ್ನು ಮನೆಯಲ್ಲಿ ಭದ್ರವಾಗಿಡಿ. ಹೊಸ ಕಾರ್ಡಿಗೆ ಅವನ್ನೇ ಹಾಕಿದರೆ ಗುರುತು ಹಾಗೇ ಮುಂದುವರಿಯುತ್ತದೆ. ಖಾಸಗಿ ಕೀ ಫೈಲಿನ ಪರ್ಮಿಷನ್ 600 ಇರಲಿ, ಇಲ್ಲದಿದ್ದರೆ ಸರ್ವರ್ ಆ ಕೀ ಬಳಸುವುದಿಲ್ಲ.

ವಿಂಡೋಸ್‌ನಲ್ಲಿ ಪುಟ್ಟಿ ಅನ್ನುವ ಎಸ್‌ಎಸ್‌ಎಚ್ ಪ್ರೋಗ್ರಾಂ ಬಳಸುವವರಿಗೆ ಕನೆಕ್ಷನ್ ಪುಟದಲ್ಲಿ ‘ಲಾಜಿಕಲ್ ನೇಮ್ ಆಫ್ ರಿಮೋಟ್ ಹೋಸ್ಟ್’ ಅಂತ ಒಂದು ಖಾನೆ ಇದೆ. ಅಲಿಯಾಸ್ ಹಾಕುವ ಜಾಗ ಅದೇ. ಫೋನಿನಲ್ಲಿ ಟರ್ಮಕ್ಸ್ (ಕಮಾಂಡ್ ಓಡಿಸುವ ಆ್ಯಪ್) ಇದ್ದರೆ ಮೇಲಿನ ಕಾನ್ಫಿಗ್ ಹಾಗೇ ನಡೆಯುತ್ತದೆ.

ಮಾಡಿ ನೋಡಿ, ಎಲ್ಲಾದರೂ ನಿಂತರೆ ಸಣ್ಣ ವಿ ಕೊಟ್ಟು ಎಸ್‌ಎಸ್‌ಎಚ್ ಓಡಿಸಿ, ‘ಯೂಸಿಂಗ್ ಹೋಸ್ಟ್‌ಕೀಅಲಿಯಾಸ್’ ಅನ್ನುವ ಸಾಲು ಬರುತ್ತದೆಯೇ ಅಂತ ತಿಳಿಸಿ. ಫಿಂಗರ್‌ಪ್ರಿಂಟ್ ಗುಟ್ಟಲ್ಲ, ಇಲ್ಲಿ ಹಾಕಬಹುದು. ಸರ್ವರ್ ವಿಳಾಸ ಮಾತ್ರ ಅಳಿಸಿ ಹಾಕಿ.